ಮಗಳು ಕೈ ಉಜ್ತಾ ಕೂತಿದ್ಳು, ಇದಕ್ಕೆ ಕಾನೂನು ಇದ್ಯಾ ಮೇಡಂ?

ಅಮೆರಿಕದ ಪಬ್ಲಿಕ್ ಸ್ಕೂಲುಗಳಲ್ಲಿ, ಅಂದ್ರೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ, ಬಣ್ಣ, ಜನಾಂಗ, ಹುಟ್ಟಿದ ದೇಶದ ಹೆಸರಲ್ಲಿ ನಡೆಯೋ ಭೇದಭಾವದ ಬಗ್ಗೆ ಈ ಸಲ ತುಂಬ ಪತ್ರ ಬಂದಿವೆ, ಹಾಗಾಗಿ ಇಡೀ ಅಂಕಣ ಅದಕ್ಕೇ ಬಿಟ್ಟಿದೀನಿ. ಬರೆದವರ ಹೆಸರು, ಸ್ಕೂಲಿನ ಹೆಸರು ಯಾವುದನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾವು ನ್ಯೂಜೆರ್ಸಿಲಿ ಇದೀವಿ, ಊರಿನ ಹೆಸರು ಹಾಕ್ಬೇಡಿ. ಮಗಳು ಐದನೇ ಕ್ಲಾಸು, ಪಬ್ಲಿಕ್ ಸ್ಕೂಲು. ಸೆಪ್ಟೆಂಬರಿಂದ ಕ್ಲಾಸಿನ ಮೂರು ಹುಡುಗ್ರು ಇವಳು ಊಟದ ಡಬ್ಬಿ ತೆಗೆದ ತಕ್ಷಣ ಮೂಗು ಮುಚ್ಕೋತಾರೆ, ಅದನ್ನ ಹೇಗೋ ಸಹಿಸ್ಕೊಂಡ್ಳು, ಆಮೇಲೆ ಅವಳ ಕೈ ಬಣ್ಣ ನೋಡಿ ಕೊಳಕು ಅನ್ನೋಕೆ ಶುರು ಮಾಡಿದ್ರು, ತೊಳ್ಕೊಂಡು ಬಾ ಅಂತ. ದೀಪಾವಳಿ ದಿನ ಬೊಟ್ಟು ಇಟ್ಕೊಂಡು ಹೋಗಿದ್ಳು, ಒಬ್ಬ ಹಣೆಗೆ ಬೆರಳಿಟ್ಟು ಸ್ವಿಚ್ ಒತ್ತೋ ಥರ ಒತ್ತಿದ್ನಂತೆ, ಉಳಿದವರು ನಕ್ಕರಂತೆ. ಅವತ್ತು ಮನೆಗೆ ಬಂದವಳೇ ಬಾತ್‌ರೂಮಲ್ಲಿ ಸೋಪು ಹಾಕಿ ಕೈ ಉಜ್ತಾ ಕೂತಿದ್ಳು, ಕೆಂಪಗಾಗೋವರೆಗೂ. ಟೀಚರ್‌ಗೆ ಫೋನ್ ಮಾಡ್ದೆ, ಮಕ್ಕಳಲ್ವಾ ಹಾಗೇ ಇರ್ತಾರೆ, ನಾನು ನೋಡ್ಕೋತೀನಿ ಅಂದ್ರು. ಎರಡು ತಿಂಗಳಾಯ್ತು, ಏನೂ ಆಗಿಲ್ಲ. ನಮ್ಮನೆಯವರು ನಾವು ಎಚ್‌-1ಬಿ ಮೇಲೆ ಇರೋರು, ಗ್ರೀನ್ ಕಾರ್ಡ್ ಕ್ಯೂನಲ್ಲಿ ಇರೋರು, ಗಲಾಟೆ ಮಾಡ್ಬೇಡ ಅಂತಾರೆ. ನಿಜವಾಗ್ಲೂ ಇದಕ್ಕೆ ಕಾನೂನು ಅಂತ ಇದ್ಯಾ? ಇದ್ರೆ ನಮ್ಮಂಥೋರಿಗೂ ಅನ್ವಯಿಸುತ್ತಾ?

ಉತ್ತರ: ಆ ಕೈ ಉಜ್ಜೋ ಸಾಲು ಓದಿ ಸ್ವಲ್ಪ ಹೊತ್ತು ಮುಂದಕ್ಕೆ ಓದೋಕಾಗ್ಲಿಲ್ಲ ತಾಯಿ. ಇದೆ, ಕಾನೂನು ಖಂಡಿತ ಇದೆ, ನಿಮಗೂ ಇದೆ.

ಮೊದಲು ವೀಸಾ ಮಾತು ಮುಗಿಸಿಬಿಡೋಣ. 1964ರ ಸಿವಿಲ್ ರೈಟ್ಸ್ ಆಕ್ಟಿನ ಟೈಟಲ್ 6 ರಕ್ಷಣೆ ಕೊಡೋದು ಅಮೆರಿಕದಲ್ಲಿರೋ ಪ್ರತಿಯೊಬ್ಬ ವ್ಯಕ್ತಿಗೆ, ಅದರಲ್ಲಿ ಸಿಟಿಜನ್ ಅನ್ನೋ ಪದವೇ ಇಟ್ಟಿಲ್ಲ. ಸಂವಿಧಾನದ 14ನೇ ತಿದ್ದುಪಡಿಯ ಸಮಾನ ರಕ್ಷಣೆಯೂ ಹಾಗೇ, 1886ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಚೀನಿ ಲಾಂಡ್ರಿಯವರ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿ ಆಗಿದೆ. 1982ರ ಪ್ಲೈಲರ್ ಕೇಸಲ್ಲಂತೂ ಕಾಗದಪತ್ರವೇ ಇಲ್ಲದ ಮಕ್ಕಳನ್ನೂ ಪಬ್ಲಿಕ್ ಸ್ಕೂಲಿಂದ ಹೊರಗಿಡೋ ಹಾಗಿಲ್ಲ ಅಂತ ಆಯ್ತು, ಇನ್ನು ಎಲ್ಲ ಸರಿಯಾಗಿ ಇಟ್ಕೊಂಡಿರೋ ನಿಮ್ಮ ಮಗಳ ಮಾತೇನು. ಸ್ಕೂಲಿಗೆ ದೂರು ಕೊಡೋದು ಎಚ್‌-1ಬಿ ನಿಯಮ ಮುರಿಯೋ ಕೆಲಸ ಅಲ್ಲವೇ ಅಲ್ಲ. ದೂರು ಕೊಟ್ಟಿದ್ದಕ್ಕೆ ಸ್ಕೂಲಿನವರು ಸೇಡು ತೀರಿಸ್ಕೊಂಡ್ರೆ ಅದು ಕಾನೂನಿನ ಪ್ರಕಾರ ಇನ್ನೊಂದು ಬೇರೆ ತಪ್ಪು. ಇಷ್ಟನ್ನ ನಿಮ್ಮ ಯಜಮಾನರಿಗೆ ಓದಿ ಹೇಳಿ.

ಈಗ ಒಂದು ವಿಷಯ ಚೆನ್ನಾಗಿ ತಿಳ್ಕೋಬೇಕು. ಟೈಟಲ್ 6 ಪ್ರಕಾರ ಫೆಡರಲ್ ದುಡ್ಡು, ಅಂದ್ರೆ ಕೇಂದ್ರ ಸರ್ಕಾರದ ದುಡ್ಡು, ತಗೊಳ್ಳೋ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲ ದೇಶ ನೋಡಿ ಭೇದ ಮಾಡೋ ಹಾಗಿಲ್ಲ, ಪಬ್ಲಿಕ್ ಸ್ಕೂಲ್ ಜಿಲ್ಲೆಗಳೆಲ್ಲ, ಅಂದ್ರೆ ಒಂದೊಂದು ಪ್ರದೇಶದ ಸ್ಕೂಲುಗಳನ್ನ ನಡೆಸೋ ಆಡಳಿತಗಳೆಲ್ಲ, ಆ ದುಡ್ಡು ತಗೊಳ್ಳುತ್ವೆ. ಆದ್ರೆ ಹತ್ತು ವರ್ಷದ ಹುಡುಗ ಅಂದ ಮಾತಿಗೆ ಸ್ಕೂಲನ್ನ ಯಾಕೆ ಹಿಡಿಯೋದು? ಹಿಡಿಯೋದು ಗೊತ್ತಾದ ಮೇಲೆ ಸ್ಕೂಲ್ ಏನ್ಮಾಡ್ತು ಅನ್ನೋದಕ್ಕೆ. 1999ರ ಡೇವಿಸ್ ಕೇಸಲ್ಲಿ, ಅದು ಜಾರ್ಜಿಯಾದ ಹುಡುಗಿಗೆ ಸಹಪಾಠಿ ಲೈಂಗಿಕ ಕಿರುಕುಳ ಕೊಟ್ಟ ಕೇಸು, ಸುಪ್ರೀಂ ಕೋರ್ಟ್ ಒಂದು ಅಳತೆ ಹಾಕ್ತು: ಕಿರುಕುಳ ತೀವ್ರವಾಗಿದ್ದು ಅದರಿಂದ ಮಗು ಕಲಿಕೆಯಿಂದಲೇ ದೂರ ಆಗೋ ಹಾಗಿರಬೇಕು, ಅದು ಸ್ಕೂಲಿಗೆ ನಿಜವಾಗ್ಲೂ ಗೊತ್ತಿರಬೇಕು, ಗೊತ್ತಿದ್ದೂ ಕೈಕಟ್ಟಿ ಕೂತಿರಬೇಕು. ಕೋರ್ಟುಗಳು ಅದೇ ಅಳತೆಯನ್ನ ಬಣ್ಣದ ಕಿರುಕುಳಕ್ಕೂ ಹಿಡೀತಿವೆ. ನ್ಯೂಯಾರ್ಕ್ ರಾಜ್ಯದ ಪೈನ್ ಪ್ಲೇನ್ಸ್ ಜಿಲ್ಲೆಯಲ್ಲಿ ಒಬ್ಬ ಹುಡುಗನಿಗೆ ಮೂರೂವರೆ ವರ್ಷ ಬೈಗುಳ, ಬೆದರಿಕೆ ನಡೀತು. ಸ್ಕೂಲ್ ಸುಮ್ಮನೇನೂ ಇರ್ಲಿಲ್ಲ, ಸಿಕ್ಕಿದವರನ್ನ ಒಬ್ಬೊಬ್ಬರನ್ನಾಗಿ ಸಸ್ಪೆಂಡ್ ಮಾಡ್ತಾನೇ ಇತ್ತು, ಆದ್ರೆ ಕಿರುಕುಳ ನಿಲ್ತಿಲ್ಲ ಅಂತ ಕಣ್ಣಿಗೆ ಕಾಣ್ತಿದ್ರೂ ಬೇರೆ ದಾರಿ ಹಿಡೀಲಿಲ್ಲ. 2012ರಲ್ಲಿ ಅಪೀಲು ಕೋರ್ಟ್ ಆ ಹುಡುಗನಿಗೆ 10 ಲಕ್ಷ ಡಾಲರ್ ಪರಿಹಾರ ಎತ್ತಿಹಿಡೀತು. ಆ ಕೋರ್ಟಿನ ವ್ಯಾಪ್ತಿಗೆ ನ್ಯೂಜೆರ್ಸಿ ಬರಲ್ಲ, ಆದ್ರೂ ಸ್ಕೂಲಿನ ವಕೀಲರಿಗೆ ಆ ಕೇಸು ಚೆನ್ನಾಗಿ ಗೊತ್ತಿರುತ್ತೆ.

ಅಂದ್ರೆ ನಿಮ್ಮ ಕೇಸಿನ ಜೀವ ಇರೋದು ಸ್ಕೂಲಿಗೆ ಗೊತ್ತಿತ್ತು ಅಂತ ತೋರಿಸೋದ್ರಲ್ಲಿ. ನೀವು ಫೋನಲ್ಲಿ ಹೇಳಿದ್ದೀರಿ, ಟೀಚರ್ ಫೋನಲ್ಲಿ ಉತ್ತರ ಕೊಟ್ಟಿದ್ದಾರೆ, ನಾಳೆ ಅವರು ನನಗೆ ಇಷ್ಟೆಲ್ಲ ಹೇಳಿರ್ಲಿಲ್ಲ ಅಂದ್ರೆ ನಿಮ್ಮ ಹತ್ರ ಏನಿದೆ? ನಮ್ಮ ಜನ ಇಲ್ಲೇ ಎಡವೋದು. ಮೇಷ್ಟ್ರಿಗೆ ಎದುರಾಡಬಾರದು ಅಂತ ಬೆಳೆದವರು ನಾವು, ಲೆಟರ್ ಬರೆಯೋದೇ ಅವಮಾನ ಮಾಡಿದ ಹಾಗೆ ಅನ್ಸುತ್ತೆ, ಪೇರೆಂಟ್ ಟೀಚರ್ ಮೀಟಿಂಗಲ್ಲಿ ನಗ್ತಾ ನಗ್ತಾ ಒಂದು ಮಾತು ಹೇಳಿ ಬರ್ತೀವಿ, ಅವರೂ ನಗ್ತಾ ಮರೀತಾರೆ.

ಇವತ್ತು ರಾತ್ರಿನೇ ಬರೀರಿ. ಪ್ರಿನ್ಸಿಪಾಲರಿಗೆ ಈಮೇಲು, ಕಾಪಿ ಸ್ಕೂಲಿನ ಆ್ಯಂಟಿ ಬುಲ್ಲಿಯಿಂಗ್ ಸ್ಪೆಷಲಿಸ್ಟ್‌ಗೆ, ಅಂದ್ರೆ ಮಕ್ಕಳ ಕಿರುಕುಳದ ದೂರು ವಿಚಾರಿಸೋರಿಗೆ, ನ್ಯೂಜೆರ್ಸಿಯ ಪ್ರತಿ ಸ್ಕೂಲಲ್ಲೂ ಅಂಥವರೊಬ್ಬರು ಇರಲೇಬೇಕು. ಯಾವ ತಾರೀಕು, ಯಾರು, ಎಲ್ಲಿ, ಅವರ ಬಾಯಿಂದ ಬಂದ ಮಾತು ಹೇಗಿತ್ತೋ ಹಾಗೇ, ಯಾರು ನೋಡಿದ್ರು, ಟೀಚರ್‌ಗೆ ಯಾವತ್ತು ಫೋನ್ ಮಾಡಿದ್ರಿ ಅವರು ಏನಂದ್ರು, ಮಗಳ ಮೇಲೆ ಏನಾಗಿದೆ, ಕೈ ಉಜ್ಜಿದ್ದು, ಡಬ್ಬಿ ಹಾಗೇ ವಾಪಸ್ ಬರ್ತಿದ್ರೆ ಅದು, ಹೊಟ್ಟೆನೋವು ಅಂತ ಸ್ಕೂಲ್ ತಪ್ಪಿಸ್ತಿದ್ರೆ ಅದು. ಮಕ್ಕಳ ಡಾಕ್ಟರ್‌ಗೆ ತೋರಿಸಿದ್ರೆ ಆ ಚೀಟಿಯೂ ಇರಲಿ. ಮತ್ತೆ ಈ ಮಾತು ಮರೀಬೇಡಿ, ಬರೀ ರೇಗಿಸ್ತಾರೆ ಅಂತ ಬರೆದ್ರೆ ಫೈಲು ಬೇರೆ ಕಡೆ ಹೋಗುತ್ತೆ, ಇದು ನನ್ನ ಮಗಳ ಜನಾಂಗ, ಬಣ್ಣ, ಮೂಲ ದೇಶದ ಕಾರಣಕ್ಕೆ ಆಗ್ತಿರೋ ಕಿರುಕುಳ, ಎಚ್‌ಐಬಿ ತನಿಖೆ ಮಾಡಿ ಅಂತ ಅದೇ ಪದಗಳಲ್ಲಿ ಬರೀರಿ. ಎಚ್‌ಐಬಿ ಅಂದ್ರೆ ಆ ರಾಜ್ಯದ ಕಾನೂನಲ್ಲಿ ಕಿರುಕುಳ, ಬೆದರಿಕೆ, ಪೀಡನೆ ಮೂರಕ್ಕೂ ಸೇರಿ ಇರೋ ಹೆಸರು, ಸ್ಕೂಲಲ್ಲಿ ಎಲ್ಲರೂ ಹಾಗೇ ಕರೆಯೋದು.

ಈ ವಿಷಯದಲ್ಲಿ ನಿಮ್ಮ ರಾಜ್ಯದ ಕಾನೂನು ಗಟ್ಟಿ ಇದೆ. 2011ರಲ್ಲಿ ಜಾರಿಗೆ ಬಂದ ಆ್ಯಂಟಿ ಬುಲ್ಲಿಯಿಂಗ್ ಬಿಲ್ ಆಫ್ ರೈಟ್ಸ್ ಪ್ರಕಾರ ಸ್ಕೂಲಿನ ಯಾವ ನೌಕರರಿಗೆ ಇಂಥದ್ದು ಗೊತ್ತಾದ್ರೂ ಅದೇ ದಿನ ಪ್ರಿನ್ಸಿಪಾಲರಿಗೆ ಬಾಯಲ್ಲಿ ಹೇಳ್ಬೇಕು, ಎರಡು ಸ್ಕೂಲ್ ದಿನದೊಳಗೆ ಬರೆದು ಕೊಡ್ಬೇಕು. ನಾನು ನೋಡ್ಕೋತೀನಿ ಅಂದ ಆ ಟೀಚರ್‌ಗೆ ಹಾಗೆ ತಮ್ಮಲ್ಲೇ ಇಟ್ಕೊಳ್ಳೋ ಅಧಿಕಾರವೇ ಇರ್ಲಿಲ್ಲ. ದೂರು ಬಂದ ಒಂದು ಸ್ಕೂಲ್ ದಿನದಲ್ಲಿ ತನಿಖೆ ಶುರುವಾಗ್ಬೇಕು, ಹತ್ತು ಸ್ಕೂಲ್ ದಿನದಲ್ಲಿ ಮುಗೀಬೇಕು. ವರದಿ ಸ್ಕೂಲ್ ಬೋರ್ಡಿಗೆ ಹೋದ ಮೇಲೆ ಐದು ಸ್ಕೂಲ್ ದಿನದಲ್ಲಿ ನಿಮಗೆ ಬರವಣಿಗೆಯಲ್ಲಿ ಫಲಿತಾಂಶ ಬರ್ಬೇಕು. ಆ ಹುಡುಗರಿಗೆ ಇಂಥದ್ದೇ ಶಿಕ್ಷೆ ಕೊಟ್ವಿ ಅಂತ ವಿವರ ಹೇಳಲ್ಲ, ಮಕ್ಕಳ ದಾಖಲೆ ಗುಟ್ಟಾಗಿಡೋ ಕಾನೂನು ಇದೆ, ಆದ್ರೆ ಸಾಕ್ಷಿ ಸಿಕ್ತಾ ಇಲ್ವಾ, ಕ್ರಮ ತಗೊಂಡ್ರಾ ಇಲ್ವಾ ಅಂತ ಹೇಳಲೇಬೇಕು. ಸರಿ ಅನ್ನಿಸದಿದ್ರೆ ಅದು ಕೈ ಸೇರಿದ 60 ದಿನದೊಳಗೆ ಬೋರ್ಡ್ ಮುಂದೆ ವಿಚಾರಣೆ ಕೇಳಬಹುದು, ಅಲ್ಲೂ ಆಗದಿದ್ರೆ 90 ದಿನದೊಳಗೆ ರಾಜ್ಯದ ಶಿಕ್ಷಣ ಕಮಿಷನರ್ ಹತ್ರ ಅಪೀಲು.

ಇದರ ಜೊತೆಗೇ ನ್ಯೂಜೆರ್ಸಿಯ ಲಾ ಅಗೇನ್ಸ್ಟ್ ಡಿಸ್ಕ್ರಿಮಿನೇಷನ್ ಅನ್ನೋ ಭೇದಭಾವ ತಡೆಯೋ ಕಾನೂನಿದೆ. 2007ರಲ್ಲಿ ಟಾಮ್ಸ್ ರಿವರ್ ಕೇಸಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಹಪಾಠಿಗಳ ಕಿರುಕುಳಕ್ಕೂ ಸ್ಕೂಲ್ ಜಿಲ್ಲೆ ಈ ಕಾನೂನಡಿ ಹೊಣೆ ಅಂತ ಹೇಳ್ತು, ಅದೂ ಫೆಡರಲ್ ಅಳತೆಗಿಂತ ಸುಲಭದ ಅಳತೆ ಇಟ್ಟು, ಗೊತ್ತಾದಾಗ ಸ್ಕೂಲ್ ನ್ಯಾಯವಾದ ಕ್ರಮ ತಗೊಂಡಿತ್ತಾ ಅಂತ ನೋಡ್ತಾರೆ. ಇದು ನಿಮಗೆ ಮುಖ್ಯ, ಯಾಕಂದ್ರೆ 2022ರಲ್ಲಿ ಕಮಿಂಗ್ಸ್ ಅನ್ನೋ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫೆಡರಲ್ ದುಡ್ಡಿಗೆ ಕಟ್ಟಿದ ಭೇದಭಾವ ಕಾನೂನುಗಳಡಿ ಮನಸ್ಸಿನ ನೋವಿಗೆ ಪರಿಹಾರ ಸಿಗೋ ದಾರಿ ಮುಚ್ಚಿದೆ, ಪೈನ್ ಪ್ಲೇನ್ಸ್ ಥರದ ದುಡ್ಡು ಇವತ್ತು ಟೈಟಲ್ 6 ಒಂದರಿಂದ ಬರೋದು ಕಷ್ಟ. ರಾಜ್ಯದ ಡಿವಿಷನ್ ಆನ್ ಸಿವಿಲ್ ರೈಟ್ಸ್‌ಗೆ ದೂರು ಕೊಡೋಕೆ 180 ದಿನ, ನೇರ ಕೋರ್ಟಿಗೆ ಹೋಗೋಕೆ ಎರಡು ವರ್ಷ. ಫೆಡರಲ್ ಶಿಕ್ಷಣ ಇಲಾಖೆಯ ಆಫೀಸ್ ಫಾರ್ ಸಿವಿಲ್ ರೈಟ್ಸ್‌ಗೂ 180 ದಿನದೊಳಗೆ ಕೊಡಬಹುದು, ಫೀಸಿಲ್ಲ, ವಕೀಲರೂ ಬೇಡ, ಆದ್ರೆ 2025ರ ಮಾರ್ಚಲ್ಲಿ ಆ ಆಫೀಸಿನ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನ ಮುಚ್ಚೋ ತೀರ್ಮಾನ ಆಯ್ತು, ನ್ಯೂಜೆರ್ಸಿಯ ದೂರು ನೋಡ್ತಿದ್ದ ನ್ಯೂಯಾರ್ಕಿನದ್ದೂ ಅದರಲ್ಲಿ ಸೇರಿತ್ತು. ಹಾಗಾಗಿ ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ, ರಾಜ್ಯದ ದಾರಿ ಮೊದಲು. ದೀಪಾವಳಿಯಿಂದ ದಿನ ಎಣಿಸಿ ಕ್ಯಾಲೆಂಡರಲ್ಲಿ ಗುರುತು ಹಾಕಿ.

ಆ ಬೊಟ್ಟಿನ ವಿಷಯ. ಸಣ್ಣದು ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ. 1987ರಲ್ಲಿ ನಿಮ್ಮ ರಾಜ್ಯದ ಜೆರ್ಸಿ ಸಿಟಿಲೇ ಡಾಟ್‌ಬಸ್ಟರ್ಸ್ ಅಂತ ಹೆಸರಿಟ್ಕೊಂಡು ಒಂದು ಗುಂಪು ಭಾರತೀಯರನ್ನ ಓಡಿಸ್ತೀವಿ ಅಂತ ಪತ್ರಿಕೆಗೆ ಪತ್ರ ಬರೆದಿತ್ತು, ಆ ಡಾಟ್ ಅಂದ್ರೆ ನಮ್ಮ ಹೆಂಗಸರ ಹಣೆಬೊಟ್ಟೇ. ಅದೇ ವರ್ಷ ಪಕ್ಕದ ಹೊಬೋಕೆನ್‌ನಲ್ಲಿ ಒಬ್ಬ ಭಾರತೀಯ ಯುವಕನನ್ನ ಹೊಡೆದು ಸಾಯಿಸಿದ್ರು. ನಿಮ್ಮ ಮಗಳ ಬೊಟ್ಟು ಒತ್ತಿದ ಹುಡುಗನಿಗೆ ಇದ್ಯಾವುದೂ ಗೊತ್ತಿರಲ್ಲ, ಗೊತ್ತಿರಬೇಕು ಅಂತ ಕಾನೂನೂ ಕೇಳಲ್ಲ. ಸ್ಕೂಲಿನ ದೊಡ್ಡವರಿಗೆ ಗೊತ್ತಿರಬೇಕು.

ಇನ್ನೊಂದು ಹೇಳ್ತೀನಿ, ನಿಮ್ಮ ರಾಜಧಾನಿ ಟ್ರೆಂಟನ್‌ದು. 1943ರಲ್ಲಿ ಗ್ಲಾಡಿಸ್ ಹೆಡ್ಜ್‌ಪೆತ್, ಬರ್ಲೀನ್ ವಿಲಿಯಮ್ಸ್ ಅಂತ ಇಬ್ಬರು ಕಪ್ಪು ತಾಯಂದಿರು, ಮನೆ ಹತ್ರದ ಸ್ಕೂಲಿಗೆ ತಮ್ಮ ಮಕ್ಕಳನ್ನ ಸೇರಿಸ್ಕೊಳ್ಳದೆ ದೂರದ ಕಪ್ಪು ಮಕ್ಕಳ ಸ್ಕೂಲಿಗೆ ಹೋಗಿ ಅಂದಾಗ ಸುಮ್ಮನಾಗ್ಲಿಲ್ಲ, ಕೇಸು ಹಾಕಿದ್ರು. 1944ರ ಜನವರಿಯಲ್ಲಿ ಗೆದ್ದರು, ಕಪ್ಪು ಮಕ್ಕಳಿಗೆ ಬೇರೆ, ಬಿಳಿ ಮಕ್ಕಳಿಗೆ ಬೇರೆ ಸ್ಕೂಲ್ ಕೂಡದು ಅನ್ನೋ ಬ್ರೌನ್ ತೀರ್ಪು ಇಡೀ ದೇಶಕ್ಕೆ ಬರೋಕೆ ಹತ್ತು ವರ್ಷ ಮುಂಚೆ. 1947ರಲ್ಲಿ ನ್ಯೂಜೆರ್ಸಿಯ ಹೊಸ ಸಂವಿಧಾನದಲ್ಲೇ ಪಬ್ಲಿಕ್ ಸ್ಕೂಲಲ್ಲಿ ಪ್ರತ್ಯೇಕತೆ ಕೂಡದು ಅಂತ ಬರೆದ್ರು. ಯಾವ ಸ್ಕೂಲ್ ಅವರ ಮಕ್ಕಳನ್ನ ಬೇಡ ಅಂದಿತ್ತೋ ಆ ಸ್ಕೂಲಿಗೆ ಆಮೇಲೆ ಆ ಇಬ್ಬರ ಹೆಸರೇ ಇಟ್ಟರು. ಮಗಳಿಗೆ ಈ ಕಥೆ ಹೇಳಿ, ಕೈ ತೊಳೆಯೋ ಮಾತು ಮತ್ತೆ ಬಂದ್ರೆ ಅವಳಿಗೆ ಇದು ಬೇಕಾಗುತ್ತೆ. ಮತ್ತೆ ದಯವಿಟ್ಟು ಆ ಹುಡುಗರ ಅಪ್ಪ ಅಮ್ಮನ ಜೊತೆ ವಾಟ್ಸಾಪ್ ಗ್ರೂಪಲ್ಲಿ ಜಗಳಕ್ಕೆ ಇಳೀಬೇಡಿ, ನಿಮ್ಮ ಒಂದು ಕೋಪದ ಮೆಸೇಜೇ ಅವರಿಗೆ ಆಯುಧ ಆಗುತ್ತೆ.

ಪ್ರಶ್ನೆ: ಡಲ್ಲಾಸ್ ಹತ್ರ ಇದೀವಿ. ಕಿಂಡರ್‌ಗಾರ್ಟನ್ ಫಾರ್ಮಲ್ಲಿ ಮನೇಲಿ ಯಾವ ಭಾಷೆ ಅಂತ ಕೇಳಿದ್ದಾರೆ. ಕನ್ನಡ ಅಂತ ಬರೆದ್ರೆ ಮಗೂನ ಇಂಗ್ಲಿಷ್ ಬರದವರ ಕ್ಲಾಸಿಗೆ ಹಾಕಿಬಿಡ್ತಾರೆ, ಇಂಗ್ಲಿಷ್ ಅಂತಲೇ ಬರಿ ಅಂತ ಎಲ್ಲರೂ ಹೇಳ್ತಿದ್ದಾರೆ. ಇದು ಭೇದಭಾವ ಅಲ್ವಾ?

ಉತ್ತರ: ಕೇಳೋದು ಭೇದಭಾವ ಅಲ್ಲ ಸರ್, ಅದು ಹುಟ್ಟಿದ್ದೇ ಭೇದಭಾವ ತಡೆಯೋಕೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬರದ ಚೀನಿ ಮಕ್ಕಳನ್ನ ಸುಮ್ಮನೆ ಕ್ಲಾಸಲ್ಲಿ ಕೂರಿಸಿ ಬಿಟ್ಟಿದ್ರು, ಎಲ್ಲರಿಗೂ ಒಂದೇ ಪುಸ್ತಕ ಒಂದೇ ಟೀಚರ್ ಕೊಟ್ಟಿದೀವಿ ಇನ್ನೇನು ಅಂತ. 1974ರ ಲಾವ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದು ಟೈಟಲ್ 6ರ ಉಲ್ಲಂಘನೆ ಅಂತು, ಅರ್ಥವಾಗದ ಭಾಷೇಲಿ ಕೂರಿಸೋದು ಸಮಾನತೆ ಅಲ್ಲ ಅಂತ. ಆಮೇಲೆ 1981ರಲ್ಲಿ ನಿಮ್ಮ ಟೆಕ್ಸಾಸಿನದೇ ಕಾಸ್ಟನ್ಯೇಡಾ ಕೇಸು, ಭಾಷಾ ಸಹಾಯ ಬರೀ ಕಾಗದದ ಮೇಲಿದ್ರೆ ಸಾಲದು, ಕೆಲಸ ಮಾಡ್ತಿರಬೇಕು ಅಂತ ಆಯ್ತು.

ಹಾಗಾಗಿ ಕನ್ನಡ ಅಂತಲೇ ಬರೀರಿ. ಫಾರ್ಮ್ ನೋಡಿದ ಮಾತ್ರಕ್ಕೆ ಬೇರೆ ಕ್ಲಾಸಿಗೆ ಹಾಕಲ್ಲ, ಮೊದಲು ಟೆಸ್ಟ್ ಮಾಡ್ತಾರೆ, ಮಗು ಪಾಸಾದ್ರೆ ಅಲ್ಲಿಗೆ ಮುಗೀತು. ಪಾಸಾಗದಿದ್ರೆ ನಿಮಗೆ ತಿಳಿಸ್ಬೇಕು, ಆ ಕ್ಲಾಸ್ ಬೇಡ ಅನ್ನೋ ಹಕ್ಕು ನಿಮಗಿದೆ, ವರ್ಷಕ್ಕೊಂದ್ಸಲ ಟೆಸ್ಟ್ ಮಾತ್ರ ತಪ್ಪಲ್ಲ. ಟೆಸ್ಟಲ್ಲಿ ಪಾಸಾದ ಮೇಲೂ ಮಗುವಿನ ಹೆಸರೋ ಉಚ್ಚಾರಣೆಯೋ ನೋಡಿ ಬೇರೆ ಕೂರಿಸಿದ್ರೆ ಅದು ಭೇದಭಾವ, ಆಗ ಮೇಲಿನ ತಾಯಿಗೆ ಹೇಳಿದ ಹಾಗೇ ಬರವಣಿಗೆಯಲ್ಲಿ ದೂರು. ಅಂದಹಾಗೆ ಇಂಗ್ಲಿಷ್ ಸರಿಯಾಗಿ ಬರದ ಅಪ್ಪ ಅಮ್ಮನಿಗೆ ಸ್ಕೂಲಿನ ಮುಖ್ಯ ವಿಷಯಗಳನ್ನ ಅವರಿಗೆ ಅರ್ಥ ಆಗೋ ಭಾಷೇಲಿ ತಿಳಿಸ್ಬೇಕು ಅನ್ನೋದೂ ಇದೇ ಕಾನೂನಿನ ಭಾಗ, ಮೀಟಿಂಗಿಗೆ ಕನ್ನಡ ದುಭಾಷಿ ಬೇಕು ಅಂತ ಸಂಕೋಚ ಇಲ್ಲದೆ ಕೇಳಿ. ಮಗೂನ ಕೂರಿಸ್ಕೊಂಡು ಅದರ ಕೈಲಿ ಅನುವಾದ ಮಾಡಿಸೋದು ಸರಿ ಅಲ್ಲ.

ಪ್ರಶ್ನೆ: ನಾನು ತಿಪಟೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅಮೆರಿಕದಲ್ಲಿರೋ ಮೊಮ್ಮಗ ಬ್ರೌನ್ ಕೇಸಿನ ಪಾಠ ಹೇಳಿದ. 1954ರಲ್ಲೇ ತೀರ್ಪು ಬಂದಿದ್ರೆ 1964ರಲ್ಲಿ ಮತ್ತೆ ಕಾನೂನು ಯಾಕೆ ಬೇಕಾಯ್ತು? ನಮ್ಮ ಏಷ್ಯಾ ಕಡೆಯ ಮಕ್ಕಳು ಆಗ ಯಾವ ಶಾಲೆಗೆ ಹೋಗ್ತಿದ್ರು?

ಉತ್ತರ: ಮೇಷ್ಟ್ರೇ, ಒಳ್ಳೇ ಪ್ರಶ್ನೆ ಕೇಳಿದ್ರಿ. ತೀರ್ಪು ಬಂದಿದ್ದು 1954ರ ಮೇ 17ಕ್ಕೆ, ಒಂಬತ್ತು ನ್ಯಾಯಾಧೀಶರೂ ಒಂದೇ ಮಾತು. ಆದ್ರೆ ದಕ್ಷಿಣದ ರಾಜ್ಯಗಳು ಕಿವಿಗೇ ಹಾಕ್ಕೊಳ್ಳಲಿಲ್ಲ. 1957ರಲ್ಲಿ ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳನ್ನ ಹೈಸ್ಕೂಲೊಳಗೆ ಬಿಡೋಕೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸ್ಬೇಕಾಯ್ತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ ಕಪ್ಪು ಮಕ್ಕಳ ಜೊತೆ ಕೂರಿಸೋ ಬದಲು 1959ರಿಂದ 1964ರವರೆಗೆ ಪಬ್ಲಿಕ್ ಸ್ಕೂಲುಗಳನ್ನೇ ಮುಚ್ಚಿಬಿಡ್ತು, ಐದು ವರ್ಷ, ಶಾಲೆಗಳನ್ನೇ. ಮೇಷ್ಟ್ರಾಗಿದ್ದ ನಿಮಗೆ ಅದರ ಅರ್ಥ ನನಗಿಂತ ಚೆನ್ನಾಗಿ ಗೊತ್ತಾಗುತ್ತೆ. ತೀರ್ಪಾಗಿ ಹತ್ತು ವರ್ಷ ಆದ್ರೂ ದಕ್ಷಿಣದಲ್ಲಿ ಬಿಳಿ ಮಕ್ಕಳ ಜೊತೆ ಓದ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಒಬ್ಬಿಬ್ಬರು ಅಷ್ಟೇ. 1964ರ ಟೈಟಲ್ 6 ಭೇದ ಮಾಡಿದ್ರೆ ಫೆಡರಲ್ ದುಡ್ಡು ಇಲ್ಲ ಅಂತು, 1965ರಲ್ಲಿ ಸ್ಕೂಲುಗಳಿಗೆ ಹೊಸ ಕಾನೂನಿಂದ ದೊಡ್ಡ ಮೊತ್ತದ ದುಡ್ಡು ಹರಿಯೋಕೆ ಶುರುವಾಯ್ತು, ಆಗ ಮೂಗುದಾರ ಸಿಕ್ಕಿತು. ತೀರ್ಪಿಗೆ ಬಗ್ಗದವರು ದುಡ್ಡಿಗೆ ಬಗ್ಗಿದ್ರು.

ಏಷ್ಯಾದ ಮಕ್ಕಳ ಕಥೆ ಇನ್ನೂ ಹಳೇದು. 1885ರಲ್ಲಿ ಕ್ಯಾಲಿಫೋರ್ನಿಯಾದ ಟೇಪ್ ಕೇಸಲ್ಲಿ ಚೀನಿ ಹುಡುಗಿಗೆ ಪಬ್ಲಿಕ್ ಸ್ಕೂಲಿಗೆ ಹೋಗೋ ಹಕ್ಕಿದೆ ಅಂತ ರಾಜ್ಯದ ಕೋರ್ಟ್ ಅಂತು, ಆದ್ರೆ ಸ್ಕೂಲ್ ಬೋರ್ಡಿನವರು ಆ ಹುಡುಗಿಯನ್ನ ಸೇರಿಸ್ಕೊಳ್ಳೋ ಬದಲು ಚೀನಿ ಮಕ್ಕಳಿಗೇ ಬೇರೆ ಸ್ಕೂಲ್ ಕಟ್ಟಿದ್ರು. 1927ರಲ್ಲಿ ಮಿಸಿಸಿಪ್ಪಿಯ ಗಾಂಗ್ ಲಮ್ ಕೇಸಲ್ಲಿ ಚೀನಿ ಹುಡುಗಿ ಬಿಳಿಯಳಲ್ಲ, ಹಾಗಾಗಿ ಬಿಳಿಯರ ಸ್ಕೂಲಿಗೆ ಬರೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಒಪ್ತು. 1947ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಕುಟುಂಬಗಳು ಮೆಂಡೆಸ್ ಕೇಸಲ್ಲಿ ಗೆದ್ದ ಮೇಲೆ ಪ್ರತ್ಯೇಕ ಶಾಲೆಯ ಆ ರಾಜ್ಯದ ಕಾನೂನು ರದ್ದಾಯ್ತು. ಅದಕ್ಕೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್, ಏಳು ವರ್ಷ ಆದ್ಮೇಲೆ ಬ್ರೌನ್ ತೀರ್ಪು ಬರೆದ ಮುಖ್ಯ ನ್ಯಾಯಾಧೀಶರೂ ಅವರೇ. ಇದನ್ನ ಮೊಮ್ಮಗನಿಗೆ ಹೇಳಿ, ಅವನ ಪಾಠದಲ್ಲಿ ಇರಲಿಕ್ಕಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ಉಲ್ಟಾ ಕೇಸು. ಮಗ ಒಂಬತ್ತನೇ ಕ್ಲಾಸು, ಸ್ಕೂಲ್ ಕಾರಿಡಾರಲ್ಲಿ ಒಬ್ಬ ಕಪ್ಪು ಹುಡುಗನಿಗೆ, ಕಪ್ಪು ಜನರನ್ನ ಹೀಯಾಳಿಸೋ ಆ ಕೆಟ್ಟ ಪದ ಅಂದ ಅಂತ ಮೂರು ದಿನ ಸಸ್ಪೆಂಡ್ ಮಾಡಿದ್ದಾರೆ. ಹಾಡಲ್ಲೆಲ್ಲ ಇರೋ ಪದ, ಇವನೂ ಬಿಳಿಯನಲ್ಲ, ನಮ್ಮ ಮೇಲೆ ಯಾಕೆ ಈ ಕಾನೂನು?

ಉತ್ತರ: ಅಪ್ಪನಾಗಿ ನಿಮಗೆ ಎಷ್ಟು ಸಂಕಟ ಆಗಿರುತ್ತೆ ಅಂತ ಗೊತ್ತು, ಆದ್ರೆ ನೇರವಾಗಿ ಹೇಳ್ತೀನಿ. ಕಾನೂನಲ್ಲಿ ಕಂದು ಬಣ್ಣದವರಿಗೆ ವಿನಾಯಿತಿ ಇಲ್ಲ. ಆ ಹುಡುಗನ ಅಮ್ಮನೂ ಇವತ್ತು ಮೊದಲನೇ ಪತ್ರದ ತಾಯಿ ಥರಾನೇ ಎಲ್ಲೋ ಕೂತು ದೂರು ಬರೀತಿರ್ತಾಳೆ, ಬರೀಲೇಬೇಕು. ಹಾಡಲ್ಲಿ ಇರೋದು ಬೇರೆ, ಒಬ್ಬನ ಮುಖ ನೋಡಿ ಅನ್ನೋದು ಬೇರೆ, ಕಾರಿಡಾರಲ್ಲಿ ಒಬ್ಬನನ್ನೇ ಗುರಿ ಮಾಡಿ ಅಂದ ಮಾತನ್ನ ಮಾತಿನ ಸ್ವಾತಂತ್ರ್ಯ ಉಳಿಸಲ್ಲ.

ನಿಮ್ಮ ಮಗನಿಗೂ ಹಕ್ಕಿದೆ. 1975ರ ಗಾಸ್ ಕೇಸಿನ ಪ್ರಕಾರ ಹತ್ತು ದಿನದವರೆಗಿನ ಸಸ್ಪೆನ್ಷನ್ ಆದ್ರೂ ಏನು ಆರೋಪ ಅಂತ ಅವನಿಗೆ ಹೇಳ್ಬೇಕು, ಅವನು ಇಲ್ಲ ಅಂದ್ರೆ ಏನು ಸಾಕ್ಷಿ ಅಂತ ತಿಳಿಸ್ಬೇಕು, ಅವನ ಮಾತು ಕೇಳ್ಬೇಕು. ಇದಾಗಿದ್ಯಾ ಅಂತ ಕೇಳಿ. ಅದೇ ಮಾತು ಅದೇ ರೀತಿ ಅಂದ ಬಿಳಿ ಹುಡುಗನಿಗೆ ಬರೀ ಎಚ್ಚರಿಕೆ ಕೊಟ್ಟು ನಿಮ್ಮವನನ್ನ ಸಸ್ಪೆಂಡ್ ಮಾಡಿದ್ರೆ ಆಗ ನಿಮ್ಮ ಕೈಲೂ ಟೈಟಲ್ 6 ಇದೆ, ಹಾಗೆ ನಡೆದಿದ್ರೆ ಮಾತ್ರ.

ಇನ್ನೊಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಮನೇಲಿ ಟಿವಿ ನೋಡ್ತಾ, ಪಾರ್ಕಿಂಗಲ್ಲಿ ಯಾರೋ ಅಡ್ಡ ಬಂದಾಗ, ಇಂಗ್ಲಿಷ್ ಅವರಿಗೆ ಗೊತ್ತು ಕನ್ನಡ ಗೊತ್ತಾಗಲ್ಲ ಅಂತ ಕಪ್ಪು ಜನರನ್ನ ಕರಿಯರು ಅಂತ ಎಷ್ಟು ಮನೇಲಿ ಅನ್ನಲ್ಲ? ಸೊಸೆ ಬಣ್ಣ ಸ್ವಲ್ಪ ಕಮ್ಮಿ ಅಂತ ಫೋನಲ್ಲಿ ಮಾತಾಡೋದನ್ನೂ ಮಕ್ಕಳು ಕೇಳಿಸ್ಕೋತಿರ್ತಾರೆ. ನಿಮ್ಮ ಮಗ ಆ ಪದವನ್ನ ಸ್ಕೂಲಲ್ಲಿ ಕಲ್ತಿರಬಹುದು, ಅದನ್ನ ಅನ್ನಬಹುದು ಅನ್ನೋ ಧೈರ್ಯ ಎಲ್ಲಿ ಬಂತು ಅಂತ ಅವನ ಜೊತೆ ಕೂತು ಕೇಳಿ. ಆ ಹುಡುಗನಿಗೆ ಕ್ಷಮೆ ಕೇಳೋ ಪತ್ರ ಅವನೇ ತನ್ನ ಕೈಯಾರೆ ಬರೀಲಿ, ನೀವು ಬರೆದುಕೊಡ್ಬೇಡಿ, ಪ್ರಿನ್ಸಿಪಾಲರ ಮೂಲಕವೇ ಕಳಿಸಿ, ನೇರ ಹುಡುಗನ ಮನೆಗೆ ಹೋಗ್ಬೇಡಿ. ಸಸ್ಪೆನ್ಷನ್ ಹತ್ತು ದಿನ ದಾಟೋ ಮಾತು ಬಂದ್ರೆ ತಕ್ಷಣ ಬರೀರಿ, ಅದಕ್ಕೆ ವಿಚಾರಣೆಯ ಕ್ರಮ ಬೇರೆ, ಅಲ್ಲಿಗೆ ವಕೀಲರನ್ನ ಕರ್ಕೊಂಡೇ ಹೋಗೋದು ಒಳ್ಳೇದು.